ಹೊಳೆಯ ಕಡೆ ಮುಖ

ಕಳೆದ ವಾರ ಗಜೇಂದ್ರಗಡದಿಂದ ರೋಣಕ್ಕೆ ಹೊರಟ ಬಸ್ಸು ಸೂಡಿಯಲ್ಲಿ ನಿಂತಾಗ ಒಬ್ಬ ಹೆಣ್ಣುಮಗಳು ದೊಡ್ಡ ಬುಟ್ಟಿಯೊಂದನ್ನು ಎತ್ತಿಕೊಂಡು ಹತ್ತಿದಳು. ಬುಟ್ಟಿಯ ಮೇಲೆ ಹಸಿ ಗೋಣಿತಟ್ಟು ಹೊದಿಸಿತ್ತು. ನನ್ನ ಪಕ್ಕದಲ್ಲಿ ಕುಳಿತು ಅದನ್ನು ಎರಡೂ ಕಾಲುಗಳ ನಡುವೆ ಇಟ್ಟುಕೊಂಡಳು. ಬಸ್ಸು ಕುಲುಕಿದಾಗ ತಟ್ಟಿನ ಅಂಚು ಸರಿಯಿತು. ಒಳಗಿನಿಂದ ವಾಸನೆಯೊಂದು ಎದ್ದು ಬಂತು. ಈಗಷ್ಟೇ ಕಿತ್ತ ಬದನೆ ಸಸಿಯ ಬೇರಿನ ವಾಸನೆ. ತುಸು ಕಹಿ, ತುಸು ತಂಬಾಕಿನ ಎಲೆಯಂಥದು, ಅದರ ಕೆಳಗೆ ನೀರು ಕುಡಿದ ಬೂದಿಮಣ್ಣಿನ ತಂಪು. ನಾನು ಮುಂದಿನ ಸೀಟಿನ ಕಂಬಿಯನ್ನು ಯಾವಾಗ ಹಿಡಿದೆನೋ ಗೊತ್ತಿಲ್ಲ. "ಯಾಕ್ರೀ ಅಕ್ಕಾರ, ಬುಟ್ಟಿ ಕಾಲಿಗಿ ಒತ್ತತೈತೇನ್ರಿ?" ಎಂದು ಆಕೆ ಕೇಳಿದಾಗಲೇ ನನ್ನ ಬೆರಳುಗಳು ಬೆಳ್ಳಗಾಗಿರುವುದು ಕಂಡಿತು. ಇಲ್ಲ ಬಿಡ್ರಿ, ಬದನಿ ಅಗಿ ಏನ್ರಿ ಅಂದೆ. ನಮ್ಮ ಕಡೆ ನಾಟಿಯ ಸಸಿಗೆ ಅಗಿ ಎನ್ನುತ್ತಾರೆ. "ಹೌದ್ರಿ, ಮುಂಜಾನಿ ಕಿತ್ತೇನಿ. ಹೊತ್ತ ಮುಣಗೂದರಾಗ ಹಚ್ಚಿ ಮುಗಸಬೇಕ ನೋಡ್ರಿ," ಅಂದಳು. ಕಿತ್ತ ಅಗಿ ಮಣ್ಣಿನ ಹೊರಗೆ ಒಂದು ರಾತ್ರಿಯೂ ಕಳೆಯಬಾರದು ಎಂಬ ನೇಮ ಇನ್ನೂ ಯಾರದೋ ಮನೆಯಲ್ಲಿ ಉಳಿದಿದೆ ಎಂದು ಸಂತೋಷಪಡಬೇಕಿತ್ತು. ಸಂತೋಷವಾಗಲಿಲ್ಲ.

ನಮ್ಮ ಮನೆ ಮೆಣಸಗಿಯ ಹಳೆಯ ಊರಿನಲ್ಲಿತ್ತು, ಮಲಪ್ರಭೆಯ ದಂಡೆಗೆ ಎರಡೇ ಓಣಿಯ ದೂರದಲ್ಲಿ. ಮಣ್ಣಿನ ಮೇಲ್ಮುದ್ದೆಯ ಮಾಳಿಗೆಮನೆ, ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಕೊಡದ ಹೊಟ್ಟೆಯೊಳಗೆ ಇಳಿದ ಹಾಗೆ ತಂಪು. ಮುಂದೆ ದನ ಕಟ್ಟುವ ಜಾಗ, ನಡುವೆ ಅಡುಗೆಯದು, ಹಿಂದೆ ಹಿತ್ತಲು. ಆ ಹಿತ್ತಲಲ್ಲಿ ಮಾಘದ ದಿನಗಳಲ್ಲಿ ಬರುತ್ತಿದ್ದ ಜೋಳದ ಹಸಿ ಕಣಿಕೆಯ ಮತ್ತು ಒಲೆಬೂದಿಯ ವಾಸನೆಯನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ನಿಮ್ಮಲ್ಲಿ ಯಾರಾದರೂ ಅಂಥ ಹಿತ್ತಲು ಕಂಡಿದ್ದರೆ, ಅದು ಈಗ ಇಲ್ಲವೆಂದು ಬಲ್ಲಿರಾದರೆ, ಹೆಚ್ಚು ಹೇಳಬೇಕಾದ್ದಿಲ್ಲ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮನಾದ ಕಾಕಾ, ಕಾಕಾನ ಹೆಂಡತಿ ನೀಲವ್ವ ಚಿಗವ್ವ, ಎಲ್ಲರ ಮೇಲೆ ಆಯಿ, ಅಂದರೆ ನಮ್ಮಪ್ಪನ ತಾಯಿ. ಹೊಲ ಇದ್ದದ್ದು ಮಳೆ ನಂಬಿದ ಎರೆಹೊಲ. ಅದರಲ್ಲಿ ಜೋಳ, ಕಡಲೆ ತೆಗೆದ ಮೇಲೆ ಸಂಕ್ರಾಂತಿಯ ಹೊತ್ತಿಗೆ ಗಂಡಸರ ಕೆಲಸ ಮುಗಿಯುತ್ತಿತ್ತು. ಹೆಂಗಸರ ಕೆಲಸ ಅಲ್ಲಿಂದ ಶುರು. ನೀರಿಳಿದು ಹೊಳೆ ಒಂದು ಪಕ್ಕಕ್ಕೆ ಸರಿದುಕೊಂಡಾಗ ದಂಡೆಯ ಕೆಳಗೆ ರೇವೆಮಣ್ಣಿನ ಅಗಲವಾದ ಜಾಗ ಏಳುತ್ತಿತ್ತು. ಯಾವ ಮನೆಗೆ ಎಷ್ಟು ಜಾಗ ಎಂಬುದು ಬಾಯಿಮಾತಿನಲ್ಲೇ ತಲೆಮಾರುಗಳಿಂದ ನಡೆದುಬಂದಿತ್ತು. ಅದಕ್ಕೆ ಹೊಳೆಪಟ್ಟಿ ಎನ್ನುತ್ತಿದ್ದರು. ಬದನೆ, ಮೆಣಸಿನಕಾಯಿ, ಟೊಮೆಟೊ, ಬದುವಿಗೆ ಸೌತೆ, ಹೀರೆ. ಮೊದಲ ಮಳೆಗೆ ಹೊಳೆ ತನ್ನ ಜಾಗ ತಾನು ವಾಪಸು ತೆಗೆದುಕೊಳ್ಳುವವರೆಗೆ ಅದು ನಮ್ಮದು.

ಆದ್ದರಿಂದ ಹೊಳೆಪಟ್ಟಿಯ ಲೆಕ್ಕವೆಲ್ಲ ಹಿಂದಿನಿಂದ ಮುಂದಕ್ಕೆ. ಮಳೆ ಯಾವಾಗ ಬರುತ್ತದೆ, ಅದಕ್ಕೂ ಮೊದಲು ಎಷ್ಟು ಸಲ ಕಾಯಿ ಹರಿಯಬೇಕು, ಕಾಯಿಗೆ ಬರಲು ಎಷ್ಟು ದಿನ, ಅಗಿ ಹಚ್ಚುವುದು ಯಾವಾಗ, ಹಾಗಾದರೆ ಬೀಜ ಸಸಿಮಡಿಗೆ ಬೀಳಬೇಕಾದ್ದು ಯಾವತ್ತು. ಆಯಿ ಇದನ್ನು ಬೆರಳ ಗಿಣ್ಣುಗಳ ಮೇಲೆ ಎಣಿಸುತ್ತಿದ್ದಳು. ಒಂದು ಗಿಣ್ಣು ಅಂದರೆ ಅಮಾವಾಸ್ಯೆಯಿಂದ ಹುಣ್ಣಿಮೆ. ಹೆಬ್ಬೆರಳಿನಿಂದ ಒಂದೊಂದೇ ಗಿಣ್ಣು ಒತ್ತುತ್ತ, ತುಟಿ ಅಲ್ಲಾಡಿಸುತ್ತ, ಕಡೆಗೆ ಕಿರುಬೆರಳಿನ ಬುಡಕ್ಕೆ ಬಂದು ನಿಂತು, "ನಾಡದ ಸಂಕ್ರಾಂತಿ ಮರದಿನ ನೆನಿ ಇಡೂಣು" ಅನ್ನುತ್ತಿದ್ದಳು. ಬೀಜ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಆ ಗಂಟನ್ನು ಸೀರೆಯ ಒಳಗೆ ತನ್ನ ಸೊಂಟಕ್ಕೇ ಸಿಕ್ಕಿಸಿಕೊಳ್ಳುತ್ತಿದ್ದಳು. ಆ ದಿನಗಳ ಚಳಿಗೆ ಬೀಜ ಒಡೆಯುವುದಿಲ್ಲ, ಮೈಕಾವು ಬೇಕು. ಎರಡು ದಿನ ಆ ಗಂಟಿನ ಜೊತೆಗೇ ಉಣ್ಣುವುದು, ಮಲಗುವುದು, ನೀರು ತರುವುದು. ಚಿಗವ್ವ ಅವಳ ನಡಿಗೆ ನೋಡಿ, "ಅತ್ತಿ ಈ ವರ್ಷನೂ ಬಸರ ಆಗ್ಯಾಳ್ರಿ, ಯಾರರ ಕುಬಸಾ ಮಾಡ್ರಿ" ಎಂದು ಓಣಿಗೆ ಕೇಳುವಂತೆ ಕೂಗುತ್ತಿದ್ದಳು. ಆಯಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಮೂರನೆಯ ದಿನ ಗಂಟು ಬಿಚ್ಚಿದರೆ ಬದನೆ ಬೀಜದ ತುದಿಯಲ್ಲಿ ಬಿಳಿ ಚುಕ್ಕೆ. ಹಿತ್ತಲಿನ ಮಡಿಗೆ ಉದುರಿಸಿ, ಬೂದಿ ಜರಡಿ ಹಿಡಿದು, ಕಣಿಕೆ ಮುಚ್ಚಿ, ತೂತಿನ ತಂಬಿಗೆಯಿಂದ ನೀರು ಚಿಮುಕಿಸುವುದು ನನ್ನ ಪಾಲಿನ ಕೆಲಸ.

ಆಯಿಗೆ ಮೂರು ನೇಮಗಳಿದ್ದವು. ಕಿತ್ತ ಅಗಿಯನ್ನು ಅದೇ ದಿನ ಹಚ್ಚಿ ಮುಗಿಸಬೇಕು ಎಂಬುದು ಒಂದು. ಇನ್ನೊಂದು, ಹಚ್ಚುವವರ ಮುಖ ಯಾವಾಗಲೂ ಹೊಳೆಯ ಕಡೆಗೇ ಇರಬೇಕು. ನೀರಿನ ಬದಿಯ ಸಾಲಿನಿಂದ ಶುರುಮಾಡಿ, ಕೂತಲ್ಲೇ ಹಿಂದಕ್ಕೆ ಸರಿಯುತ್ತ ದಂಡೆಯತ್ತ ಬರಬೇಕು. ಹಾಗೆ ಮಾಡಿದರೆ ಹಚ್ಚಿದ ಅಗಿಯನ್ನು ತುಳಿಯುವುದಿಲ್ಲ, ಹೊಳೆಯೂ ಕಣ್ಣ ಮುಂದೆಯೇ ಇರುತ್ತದೆ. ಮೂರನೆಯದು ಕೆಳಗಿನ ಸಾಲುಗಳದ್ದು. ಪ್ರತಿ ಬೇಸಿಗೆಯ ಮೊದಲಿಗೆ ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ಮೇಲಿನ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಿದ್ದರು. ಅದು ಬಂದು, ಎರಡು ಮೂರು ದಿನ ಇದ್ದು, ಇಳಿದುಹೋಗುತ್ತಿತ್ತು. ಆ ನೀರು ಬಂದುಹೋಗುವವರೆಗೆ ಕೆಳಗಿನ ಸಾಲು ಖಾಲಿ ಬಿಡಬೇಕು. ಅದಕ್ಕಾಗಿ ಆಯಿ ಎರಡು ಮಡಿ ಹಾಕುತ್ತಿದ್ದಳು. ಸಂಕ್ರಾಂತಿಗೆ ಒಂದು, ಮೇಲಿನ ಸಾಲುಗಳಿಗೆ. ಭಾರತ ಹುಣ್ಣಿಮೆಗೆ ಇನ್ನೊಂದು, ಹೋಳಿ ಮುಗಿದ ಮೇಲೆ ಕೆಳಗಿನ ಸಾಲುಗಳಿಗೆ.

ಆ ವರ್ಷ ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ನಮ್ಮ ಮನೆಯಲ್ಲಿ ಅಷ್ಟು ಓದಿದ ಹೆಣ್ಣು ಯಾರೂ ಇರಲಿಲ್ಲ. ಚಿಗವ್ವ ಅಸೂಟಿಯವಳು, ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಅಕ್ಷರಗಳು ಅವಳ ತಲೆಯಲ್ಲಿ ಅರ್ಧ ಉಳಿದಿದ್ದವು, ಅರ್ಧ ಉದುರಿದ್ದವು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನನ್ನ ಪಕ್ಕ ಬಂದು ಕುಳಿತು, "ನಿನ್ನ ಪುಸ್ತಕದಾಗ ಸಣ್ಣ ಅಕ್ಷರದ್ದು ಬ್ಯಾಡ, ದಪ್ಪಂದು ಒಂದ ತೋರಸ" ಅನ್ನುತ್ತಿದ್ದಳು. ನಾನು ತೋರಿಸುತ್ತಿದ್ದೆ. ಅವಳು ಬೆರಳಿಟ್ಟು, ಎಡವುತ್ತ, ಒಂದು ಶಬ್ದ ಸಿಕ್ಕಿದ ಕೂಡಲೇ ಕಳೆದುಹೋದ ಬೆಂಡೋಲೆ ಸಿಕ್ಕವಳ ಹಾಗೆ ನಗುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ನಾನು ಹೊಳೆಪಟ್ಟಿಯ ನಕ್ಷೆ ಬರೆದದ್ದು ಅವಳಿಗಾಗಿಯೇ. ದಪ್ಪ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ: ಬದನಿ, ಮೆಣಸಿನಕಾಯಿ, ಟಮಾಟಿ; ಯಾವ ವಾರ ಬೀಜ, ಯಾವ ವಾರ ನಾಟಿ, ಯಾವ ಸಾಲು. ಅಡುಗೆಯ ಕೋಣೆಯ ಗೋಡೆಗೆ ಅಂಟಿಸಿದೆವು. ಪ್ರತಿ ಮುಂಜಾನೆ ರೊಟ್ಟಿ ಬಡಿಯುವ ಮೊದಲು ಚಿಗವ್ವ ಅದರ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದಳು. "ಬ... ದ... ನಿ. ಎರಡನೇ ವಾರ. ನೀರ ಹಾಕೂದು. ಹಾಕೇನಿ!" ಎಂದು ಹಾಳೆಗೇ ಉತ್ತರ ಹೇಳುತ್ತಿದ್ದಳು.

ಆದರೆ ಆ ಹಾಳೆಯಲ್ಲಿ ನಾನು ಆಯಿಯ ಲೆಕ್ಕವನ್ನು ಬರೆದಿರಲಿಲ್ಲ. ನನ್ನ ಲೆಕ್ಕ ಬರೆದಿದ್ದೆ. ಎರಡನೆಯ ಮಡಿಯ ಅಗಿ ತಡವಾಗಿ ಹೋಗುತ್ತಿದ್ದುದರಿಂದ ಪ್ರತಿ ವರ್ಷ ಕೆಳಗಿನ ಸಾಲುಗಳು ಕಾಯಿ ಬಿಡುವ ಭರದಲ್ಲಿರುವಾಗಲೇ ಹೊಳೆ ಏರುತ್ತಿತ್ತು. ತುಂಬು ಗಿಡಗಳು ನೀರಿನಲ್ಲಿ ಹೋಗುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಎಲ್ಲ ಬೀಜವನ್ನೂ ಒಮ್ಮೆಲೇ ಸಂಕ್ರಾಂತಿಗೆ ಹಾಕಬೇಕು, ತೇವ ಹೆಚ್ಚಿರುವ ಕೆಳಗಿನ ಸಾಲುಗಳಿಗೇ ಮೊದಲು ಹಚ್ಚಬೇಕು, ಆಗ ಹೊತ್ತು ನೀರು ಹಾಕುವುದು ಕಡಿಮೆ, ಒಂದು ತಿಂಗಳ ಕಾಯಿ ಹೆಚ್ಚು ಎಂದು ನಾನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದೆ. ಆಯಿ ರೊಟ್ಟಿ ಮುರಿಯುತ್ತ, "ಹೊಳಿ ಇನ್ನೂ ಬಂದು ಹೋಗಿಲ್ಲಲ್ಲವಾ" ಅಂದಳು. ನೀರು ಬಿಡೋದು ಈಗೀಗ ತಡಾ ಆಗಾಕತ್ತೈತಿ, ಬಂದ್ರೂ ಒಮ್ಮಿಗೇ ಬರೂದಿಲ್ಲ, ನಮ್ಮ ಮುಖ ಹೊಳಿ ಕಡೀಗೇ ಇರತೈತಲ್ಲ, ಕಾಣಸತೈತಿ ಅಂದೆ. ಆಯಿ ರೊಟ್ಟಿ ಬಿಟ್ಟು ಹೆಬ್ಬೆರಳಿನಿಂದ ಗಿಣ್ಣು ಒತ್ತತೊಡಗಿದಳು. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಬ್ಯಾಡ ಅನ್ನುತ್ತಿದ್ದಳೇನೋ. ಆದರೆ ಚಿಗವ್ವ ನಡುವೆ ಬಂದಳು. "ಅತ್ತಿ, ಈ ವರ್ಷ ಒಂದ ಹುಡುಗಿ ಹೇಳಿದಂಗ ಮಾಡೂಣು. ಓದಿದ್ದು ಎಲ್ಲಾ ಬರೇ ಪರೀಕ್ಷಾಕ ಅಂದ್ರ ಹ್ಯಾಂಗ?" ಅಪ್ಪ ನಕ್ಕ. ಆಯಿ ನನ್ನ ಕಡೆ ನೋಡಿ, "ಆತು" ಅಂದಳು. ನನಗೆ ಅಂದು ಎಷ್ಟು ಹಿಗ್ಗಾಯಿತೆಂದರೆ ಊಟ ಸೇರಲಿಲ್ಲ.

ಅಗಿ ಚಲೋ ಬಂತು. ಶಿವರಾತ್ರಿ ದಾಟಿದ ನಂತರದ ಒಂದು ದಿನ ಕೆಳಗಿನ ಸಾಲುಗಳಿಗೆ ನಾಟಿ ಎಂದು ಹಾಳೆಯಲ್ಲಿತ್ತು. ಮುಂಜಾನೆ ಮಡಿಗೆ ನೀರು ಬಿಟ್ಟು, ಬೇರು ಹರಿಯದಂತೆ ಬೆರಳು ಹಾಕಿ ಎಬ್ಬಿಸಿ, ಎರಡು ಬುಟ್ಟಿ ತುಂಬಿಸಿದೆವು. ಅಪ್ಪ ಮತ್ತು ಕಾಕಾ ಕಡಲೆ ಹೇರಿಕೊಂಡು ನರಗುಂದಕ್ಕೆ ಹೋಗಿದ್ದರು. ಅವ್ವ ಮನೆಯಲ್ಲಿ. ಆಯಿ ನಮ್ಮ ಜೊತೆ ಬಂದು ದಂಡೆಯ ಮೇಲಿನ ಬೇವಿನ ನೆರಳಿನಲ್ಲಿ ಬುತ್ತಿಯ ಪಕ್ಕ ಕುಳಿತಳು. ಮೊಣಕಾಲು ನೋವಿನಿಂದ ಅವಳು ಕೆಳಗೆ ಇಳಿಯುವುದನ್ನು ಆ ವರ್ಷ ಬಿಟ್ಟಿದ್ದಳು. ನಾನು ಮತ್ತು ಚಿಗವ್ವ ಇಳಿದೆವು. ದಂಡೆಯ ಬುಡದಲ್ಲಿ ಒಂದು ಹಾದಿ ದಾಟಬೇಕಿತ್ತು. ಹಿಂದಿನ ಬೇಸಿಗೆಯಿಂದ ಯಾರು ಯಾರೋ ಮರಳು ತುಂಬಿಕೊಂಡು ಹೋಗುವ ಟ್ರ್ಯಾಕ್ಟರುಗಳು ಅಲ್ಲಿ ಓಡಾಡಿ, ಅಲ್ಲಿಯದೇ ಮರಳನ್ನೂ ಬಗೆದು, ಆ ಹಾದಿ ಮೊಣಕಾಲಿಗಿಂತ ಆಳದ ಕಾಲುವೆಯಂತಾಗಿತ್ತು. ಒಣಗಿ ಬಿಳಿಚಿದ ಕಾಲುವೆ. ಅದನ್ನು ಇಳಿದು ಹತ್ತುವಾಗ ಚಿಗವ್ವ ಟ್ರ್ಯಾಕ್ಟರಿನವರಿಗೆ ಎರಡು ಮಾತು ಬೈದಳು, ಬುಟ್ಟಿಯ ತೂಕಕ್ಕೆ. ಅಷ್ಟೇ. ಆ ಹಾದಿ ಮೇಲಿನ ತಿರುವಿನಲ್ಲಿ ಹೊಳೆಗೆ ಬಾಯಿ ತೆರೆದುಕೊಂಡಿದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನ್ನ ನಕ್ಷೆಯಲ್ಲಿ ಹೊಳೆ ಇತ್ತು, ದಂಡೆ ಇತ್ತು, ಸಾಲುಗಳಿದ್ದವು. ಆ ಹಾದಿ ಇರಲಿಲ್ಲ.

ದಿನವಿಡೀ ಹಚ್ಚಿದೆವು, ಹೊಳೆಯ ಕಡೆ ಮುಖ ಮಾಡಿ. ಕುರುಪಿಯಿಂದ ಕುಣಿ ಮಾಡುವುದು ನಾನು, ಅಗಿ ಇಟ್ಟು ಬುಡ ಒತ್ತುವುದು ಚಿಗವ್ವ. ರೇವೆಮಣ್ಣು ಒಳಗಿನಿಂದ ತಣ್ಣಗಿತ್ತು, ಮೇಲೆ ಬಿಸಿ. ಹೊಳೆ ದೂರದಲ್ಲಿ ಒಂದು ಸೆರಗಿನಷ್ಟು ಅಗಲಕ್ಕೆ ಹರಿಯುತ್ತಿತ್ತು, ಅದರಲ್ಲಿ ನಾಲ್ಕು ಬೆಳ್ಳಕ್ಕಿ. ನಾಲ್ಕು ಗಂಟೆಯ ಸುಮಾರಿಗೆ ಒಂದು ಬುಟ್ಟಿ ಮುಗಿದು, ಇನ್ನೊಂದರಲ್ಲಿ ಎರಡು ಸಾಲಿಗಾಗುವಷ್ಟು ಅಗಿ ಉಳಿದಿತ್ತು. ಆಗ ನಮ್ಮ ಓಣಿಯ ಫಕೀರಪ್ಪ ಮಾವ ದಂಡೆಯ ಮೇಲೆ ತನ್ನ ಗಾಡಿ ನಿಲ್ಲಿಸಿ ಕೂಗಿದ. ಮೇಲಿನ ಊರಿನಲ್ಲಿದ್ದ ಅವನ ಬೀಗರು ಫೋನು ಮಾಡಿದ್ದರು. ಅಲ್ಲಿ ಮುಂಜಾನೆಯೇ ಹೊಳೆಗೆ ನೀರು ಬಂದಿತ್ತು.

"ನೀಲವ್ವಾ, ನೀರ ಬಿಟ್ಟಾರಂತ! ಮ್ಯಾಲ ಬರ್ರಿ!"

ಚಿಗವ್ವ ತಲೆ ಎತ್ತಿ ಹೊಳೆ ನೋಡಿದಳು. ಬೆಳ್ಳಕ್ಕಿಗಳು ಹಾಗೇ ನಿಂತಿದ್ದವು. "ಬರತೈತಿ ಬಿಡ ಮಾವಾ, ನೀರೇನ ಬಸ್ಸಿನ್ಯಾಗ ಕುಂತ ಬರತೈತೇನು? ಎರಡ ಸಾಲ ಅದಾವ."

"ಬಸ್ಸಿನ್ಯಾಗರ ಬರಲಿ, ನಡಕೋಂತರ ಬರಲಿ, ನೀವ ಏಳ್ರಿ ಮೊದಲ," ಎಂದು ಆಯಿ ನೆರಳಿನಿಂದ ಎದ್ದು ಬಂದಳು.

ಅವಳ ಸ್ವರ ಕೇಳಿ ಚಿಗವ್ವ ಏಳಲು ಒಂದು ಕೈ ಊರಿದ್ದಳು. ಇದನ್ನು ನಾನು ಸ್ಪಷ್ಟವಾಗಿ ನೋಡಿದ್ದೇನೆ, ಇಂದಿಗೂ ನೋಡುತ್ತೇನೆ: ಎಡಗೈ ಮಣ್ಣಿಗೆ ಊರಿ, ಒಂದು ಮೊಣಕಾಲು ಎತ್ತಿ, ನನ್ನ ಮುಖ ನೋಡಿದಳು. ನಾನು ಏನು ಹೇಳುತ್ತೇನೆಂದು ನೋಡಿದಳು. ನಾನು ದಂಡೆಯ ಕಡೆ ಕೂಗಿ ಹೇಳಿದೆ, "ಅರ್ಧಾ ತಾಸ, ಆಯಿ. ಕಿತ್ತ ಅಗಿ ಹಂಗ ಬಿಡಾಕ ಬರೂದಿಲ್ಲಲ್ಲ." ಆಯಿಯ ನೇಮವನ್ನೇ ಆಯಿಗೆ ತಿರುಗಿಸಿ ಹೇಳಿದ್ದೆ. ಚಿಗವ್ವ ಮತ್ತೆ ಕುಳಿತಳು.

ಪ್ರತಿ ವರ್ಷ ಆ ನೀರು ಹೇಗೆ ಬರುತ್ತಿತ್ತೆಂದು ನಮಗೆ ಗೊತ್ತಿತ್ತು. ಮುಂದೆ ನೊರೆ, ಒಣ ಎಲೆ, ಕಸ. ಹಿಂದೆ ನಾಲಿಗೆಯಂತೆ ಚಾಚಿಕೊಳ್ಳುವ ತೆಳ್ಳನೆಯ ನೀರು. ಮಕ್ಕಳು ಅದರ ಮುಂದೆ ಓಡುತ್ತ ಆಡುತ್ತಿದ್ದರು. ಆದ್ದರಿಂದ ನಾವಿಬ್ಬರೂ ಕಣ್ಣನ್ನು ಹೊಳೆಯ ಮೇಲಿಟ್ಟು, ಕೈ ಬೀಸಿ ಹಚ್ಚುತ್ತಿದ್ದೆವು. ಒಂದು ಸಾಲು ಮುಗಿಯಿತು. ಒಣ ಜೋಳದ ಎಲೆಗಳು ಒಂದಕ್ಕೊಂದು ಉಜ್ಜಿದಂಥ ಸಪ್ಪಳ ಕೇಳಿಸಿತು. ಹೊಳೆ ನೋಡಿದೆ. ಏನೂ ಇರಲಿಲ್ಲ, ಬೆಳ್ಳಕ್ಕಿಗಳೂ ಎದ್ದಿರಲಿಲ್ಲ. ಸಪ್ಪಳ ಹೆಚ್ಚಾಯಿತು. ಅದು ಬರುತ್ತಿದ್ದುದು ನಮ್ಮ ಬೆನ್ನ ಹಿಂದಿನಿಂದ.

ತಿರುಗಿದಾಗ ಟ್ರ್ಯಾಕ್ಟರಿನ ಹಾದಿ ಇರಲಿಲ್ಲ. ಅದರ ಜಾಗದಲ್ಲಿ ಕಂದು ನೀರು, ಮೇಲೆ ನೊರೆ, ಒಂದು ಹರಿದ ಚಪ್ಪಲಿ, ಜಾಲಿಯ ಟೊಂಗೆ, ಎಲ್ಲವೂ ಓಡುತ್ತಿದ್ದವು. ಹೊಳೆ ತನ್ನ ಹಳೆಯ ಪಾತ್ರಕ್ಕಿಂತ ತಗ್ಗಾದ ದಾರಿ ಹುಡುಕಿಕೊಂಡು ನಮಗೂ ಆಯಿಗೂ ನಡುವೆ ಬಂದಿತ್ತು. ಆಗ ಅದು ಬರೀ ಮೊಣಕಾಲಿನಷ್ಟಿತ್ತು. ನಾನು ಸಾವಿರ ಸಲ ನಿಂತು ನೋಡುವುದು ಈ ಜಾಗದಲ್ಲಿ. ಆಗಲೇ ಓಡಿದ್ದರೆ ಬಟ್ಟೆ ತೋಯುತ್ತಿತ್ತು, ಅಷ್ಟೇ. ಚಿಗವ್ವ ಬುಟ್ಟಿ ತರಲು ನಾಲ್ಕು ಹೆಜ್ಜೆ ಹಿಂದೆ ಹೋದಳು. ನಾಲ್ಕು ಹೆಜ್ಜೆ ಹೋಗಲು, ಉಳಿದ ಅಗಿಯನ್ನು ಬಾಚಿ ಬುಟ್ಟಿಗೆ ಹಾಕಲು, ನಾಲ್ಕು ಹೆಜ್ಜೆ ಬರಲು. ನಾನು ಬ್ಯಾಡ ಅನ್ನಲಿಲ್ಲ. ಅಗಿ ಬಾಚಲು ನಾನೂ ಬಗ್ಗಿದೆ. ನಾವು ಅಂಚಿಗೆ ಬಂದಾಗ ನೀರು ತೊಡೆ ಮುಟ್ಟುವಷ್ಟಿತ್ತು, ಕಾಲಿಟ್ಟರೆ ಅಂಚಿನ ಮರಳು ಹಿಟ್ಟಿನಂತೆ ಕುಸಿಯುತ್ತಿತ್ತು.

ಫಕೀರಪ್ಪ ಮಾವ ಗಾಡಿಗೆ ಬಿಗಿದಿದ್ದ ಮೇವು ಕಟ್ಟುವ ಹಗ್ಗ ಬಿಚ್ಚಿ ಎಸೆದ. ಎರಡನೆಯ ಸಲಕ್ಕೆ ಸಿಕ್ಕಿತು. ಚಿಗವ್ವ ಬುಟ್ಟಿ ಕೆಳಗಿಟ್ಟು ನನ್ನ ನಡುವಿಗೆ ಗಂಟು ಹಾಕಿದಳು. "ಬಾಯಿ ಮುಚಗೊಂಡ ಹೋಗು, ನೀರ ಕುಡೀಬ್ಯಾಡ" ಎಂದು ಬೆನ್ನಿಗೆ ಕೈ ಹಚ್ಚಿ ನೂಕಿದಳು. ಮರಳು ಬಾಯಿಗೆ, ಕಣ್ಣಿಗೆ ಬಂತು. ಕಾಲು ಎಲ್ಲಿಯೂ ತಾಕಲಿಲ್ಲ. ಆಮೇಲೆ ಆಯಿಯ ಕೈ ನನ್ನ ಜಡೆ ಹಿಡಿದಿತ್ತು. ಹಗ್ಗ ಮತ್ತೆ ಹೋಯಿತು. ಚಿಗವ್ವ ಅದನ್ನು ಎಡಗೈಗೆ ಮೂರು ಸುತ್ತು ಸುತ್ತಿಕೊಂಡಳು, ನಡುವಿಗೆ ಕಟ್ಟಲಿಲ್ಲ. ಕಟ್ಟಲು ಎರಡೂ ಕೈ ಬೇಕು. ಬಲಗೈ ಬುಟ್ಟಿಯನ್ನು ತಲೆಯ ಮೇಲೆ ಹಿಡಿದಿತ್ತು.

"ಬುಟ್ಟಿ ಬಿಡಬೇ!" ಎಂದು ಫಕೀರಪ್ಪ ಮಾವ ಒದರಿದ. "ನೀಲೀ, ಬಿಡ ಅದನ್ನ, ನನ್ನ ಮಾತ ಕೇಳ," ಎಂದು ಆಯಿ. ನಡುನೀರಿನಲ್ಲಿ ಅವಳ ಕಾಲು ಹೋಯಿತು. ತಲೆ ಒಳಗೆ ಹೋದ ಮೇಲೂ ಬುಟ್ಟಿ ಒಂದು ಗಳಿಗೆ ಮೇಲೆಯೇ ಇತ್ತು, ಅದನ್ನು ಹಿಡಿದ ಕೈ ಮೊಣಕೈವರೆಗೆ ಕಾಣುತ್ತಿತ್ತು. ನಾನು ಹಗ್ಗ ಎಳೆಯುತ್ತಿದ್ದೆನೋ ಬರೀ ಹಿಡಿದಿದ್ದೆನೋ ಈಗ ಹೇಳಲಾರೆ. ನೀರು ಬುಟ್ಟಿಯನ್ನು ತಾನಾಗಿ ಕಿತ್ತುಕೊಂಡಿತು. ಹಸಿರು ಅಗಿಗಳು ಬೇರು ಮೇಲಾಗಿ ತಿರುಗುತ್ತ ಹರಡಿಹೋದವು. ಆಮೇಲೆ ಹಗ್ಗ ಭಾರವಾಯಿತು, ಅದರ ತುದಿಯಲ್ಲಿ ಚಿಗವ್ವ ಬಂದಳು, ಕೆಮ್ಮುತ್ತ, ಸೀರೆ ಕಾಲಿಗೆ ಸುತ್ತಿಕೊಂಡು. ಎಡಗೈ ಬೆರಳುಗಳ ನಡುವೆ ಹಗ್ಗ ಎಲುಬಿನವರೆಗೆ ಕೊರೆದಿತ್ತು.

ರೋಣದ ದವಾಖಾನೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬರುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. ಚಿಗವ್ವ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಹಿಡಿದು ಕಟ್ಟೆಯ ಮೇಲೆ ಕುಳಿತಳು. ಯಾರೋ ಮುದುಕಿ, "ನಿನಗೇನ ಬುದ್ಧಿ ಐತೇನ ಹುಚ್ಚೀ, ಜೀಂವ ಹೊಂಟಾಗ ಬುಟ್ಟಿ ಯಾವ ದೊಡ್ಡದಿತ್ತು?" ಎಂದು ಬೈದಳು. "ಏನ ಮಾಡ್ಲಿಬೇ," ಎಂದಳು ಚಿಗವ್ವ, ನನ್ನ ಕಡೆ ಗದ್ದ ತೋರಿಸಿ. "ಬುಟ್ಟಿ ಬಿಡು ಅಂತ ಗಿರಿಜಿ ಹಾಳ್ಯಾಗ ಬರದಿರಲಿಲ್ಲ. ನಾ ಓದಿದ್ದಷ್ಟ ಮಾಡಾಕಿ." ಅಂಗಳವೆಲ್ಲ ನಕ್ಕಿತು. ಸತ್ತು ಬದುಕಿದವರ ಮನೆಯಲ್ಲಿ ಹುಟ್ಟುವ ಆ ನಗು ನಿಮಗೆ ಗೊತ್ತಿರಬಹುದು. ಅದು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ, ನಿಲ್ಲುವುದಿಲ್ಲ. ನಾನೂ ನಕ್ಕೆ. ನಗುವಾಗ ಆಯಿಯ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಚಿಗವ್ವನ ಒದ್ದೆ ಕೂದಲಿನಿಂದ ಮರಳು ತೆಗೆಯುತ್ತಿದ್ದಳು, ಹೇನು ತೆಗೆಯುವವರ ಹಾಗೆ, ಒಂದೊಂದೇ ಹರಳು.

ಮೂರು ದಿನಕ್ಕೆ ನೀರಿಳಿಯಿತು. ನಾವು ಹಚ್ಚಿದ್ದರಲ್ಲಿ ಅರ್ಧದಷ್ಟು ಅಗಿ ಕೆಸರಿನ ಕೆಳಗಿನಿಂದ ತಲೆ ಎತ್ತಿದವು. ಆ ಬೇಸಿಗೆ ಬದನೆ ಹಿಂದೆಂದೂ ಬಿಡದಷ್ಟು ಬಿಟ್ಟಿತು. ನನ್ನ ಲೆಕ್ಕ ತಪ್ಪಿರಲಿಲ್ಲ ಎಂಬುದೇ ನನಗೆ ಅತ್ಯಂತ ಕೆಟ್ಟದಾಗಿ ಕಂಡದ್ದು. ಅಪ್ಪ ಬುಟ್ಟಿಗಟ್ಟಲೆ ತಂದು ಸುರಿಯುತ್ತಿದ್ದ. ಆಯಿ ಎಣ್ಣೆಗಾಯಿ ಮಾಡಿ ಬಡಿಸುತ್ತಿದ್ದಳು, ಚಿಗವ್ವ ಬಲಗೈಯಿಂದ ಉಣ್ಣುತ್ತಿದ್ದಳು, ಎಡಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ಗಾಯ ಮಾಯ್ದರೂ ಕೊನೆಯ ಎರಡು ಬೆರಳುಗಳು ಮತ್ತೆ ಮಡಚಲಿಲ್ಲ. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಗೋಡೆಯ ಹಾಳೆಯನ್ನು ಯಾರೂ ಹರಿಯಲಿಲ್ಲ. ಆದರೆ ಮುಂಜಾನೆ ರೊಟ್ಟಿ ಬಡಿಯುವ ಮೊದಲು ಅದರ ಮುಂದೆ ನಿಂತು ಓದುವ ಸ್ವರ ಕೇಳಿಸಲಿಲ್ಲ. ಮಧ್ಯಾಹ್ನ ನಾನು ಪುಸ್ತಕ ತೆರೆದು ಕಾಯುತ್ತಿದ್ದೆ. ಚಿಗವ್ವ ಬೇರೆ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಒಮ್ಮೆ ಕರೆದೆ. "ಕಣ್ಣ ಉರಿತಾವ್ಬೇ," ಅಂದಳು, ನಗುತ್ತಲೇ.

ಮರುವರ್ಷ ಆಯಿ ಮತ್ತೆ ಗಿಣ್ಣು ಎಣಿಸಿದಳು, ಎರಡು ಮಡಿ ಹಾಕಿದಳು. ಅದಾದ ಕೆಲವೇ ವರ್ಷಗಳಲ್ಲಿ ಮಳೆಗಾಲದ ದೊಡ್ಡ ನೆರೆ ಓಣಿಗೇ ಬಂತು. ಮಣ್ಣಿನ ಮನೆ ಮೂರು ದಿನ ನೀರಿನಲ್ಲಿ ನಿಂತು, ನಾಲ್ಕನೆಯ ದಿನ ಬಿಸಿಲು ಬಿದ್ದಾಗ ಸದ್ದಿಲ್ಲದೆ ಕುಳಿತುಬಿಟ್ಟಿತು. ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿದರು. ಅಣ್ಣತಮ್ಮಂದಿರಿಗೆ ಬೇರೆ ಬೇರೆ ಸಾಲಿನಲ್ಲಿ ಬೇರೆ ಬೇರೆ ಮನೆ ಬಂದವು. ಒಂದೇ ಒಲೆ ಎರಡಾದದ್ದು ಜಗಳದಿಂದಲ್ಲ, ಹೊಸ ಊರಿನ ನಕ್ಷೆಯಿಂದ. ಆಯಿ ಹೊಸ ಮನೆಯ ಸಿಮೆಂಟಿನ ನೆಲದ ಮೇಲೆ ಎರಡು ಬೇಸಿಗೆ ಕಳೆದು ತೀರಿಹೋದಳು. ಹೊಳೆಯಲ್ಲಿ ಈಗ ರೇವೆಯಿಲ್ಲ, ಮರಳಿಲ್ಲ. ಗುಂಡಿಗಳಿವೆ, ಅವುಗಳಲ್ಲಿ ಹಸಿರು ನೀರು, ಸುತ್ತ ಜಾಲಿ. ಹೊಳೆಪಟ್ಟಿ ಎಂಬ ಮಾತನ್ನು ನನ್ನ ಶಾಲೆಯ ಮಕ್ಕಳು ಕೇಳಿಯೇ ಇಲ್ಲ. ನಾನು ಪದವಿ ಮುಗಿಸಿ ಗಜೇಂದ್ರಗಡದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಬೀಜ ಮೊಳೆಯುವ ಪಾಠ ಬಂದಾಗ ತೇವ, ಗಾಳಿ, ಕಾವು ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಕಾವು ಎಂದು ಬರೆಯುವಾಗ ಒಂದು ಸೊಂಟ ನೆನಪಾಗುತ್ತದೆ, ಅದನ್ನು ಯಾರಿಗೂ ಹೇಳುವುದಿಲ್ಲ.

ಚಿಗವ್ವ ಮಾತ್ರ ಆ ದಿನದ ಕಥೆಯನ್ನು ಎಲ್ಲರಿಗೂ ಹೇಳುತ್ತಾಳೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನನ್ನ ಗಂಡನ ಎದುರಿಗೆ. ಬಸ್ಸಿನ್ಯಾಗ ಕುಂತು ಬರುವ ನೀರಿನ ಮಾತು, ಫಕೀರಪ್ಪ ಮಾವ ಜಾರಿ ಬಿದ್ದದ್ದು, ಆಯಿ ಅವನ ಧೋತರ ಹಿಡಿದು ಜಗ್ಗಿದ್ದು. ಪ್ರತಿ ಸಲವೂ ಜನ ನಗುತ್ತಾರೆ. ನಾನು ಎದ್ದು ಹೊರಗೆ ಹೋಗುತ್ತೇನೆ. ಇಷ್ಟು ವರ್ಷ ನನಗೆ ಅವಳ ಮೇಲೆ ಒಳಗೊಳಗೇ ಸಿಟ್ಟೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ನೀರಿಗೆ ಬಿದ್ದವಳು ಅವಳು, ಎರಡು ಬೆರಳ ಬಲ ಕಳೆದುಕೊಂಡವಳು ಅವಳು, ಆದರೆ ಹೆದರಿಕೆಯನ್ನೆಲ್ಲ ನನಗೊಬ್ಬಳಿಗೇ ಬಿಟ್ಟು ಹಗುರಾಗಿ ನಡೆದುಹೋದಳು ಎಂದುಕೊಂಡಿದ್ದೆ.

ಹೋದ ಮಾಘದಲ್ಲಿ ಹೊಸ ಊರಿಗೆ ಹೋದಾಗ ಚಿಗವ್ವನ ಮನೆಯ ಮುಂಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮನೆಯ ಹಿಂದೆ ಹೋದೆ. ಹಿಂದಿನ ಗೋಡೆಗೂ ಬೇಲಿಗೂ ನಡುವೆ ಎಂಟು ಹತ್ತು ಮಾರು ಖಾಲಿ ನೆಲ ಇದೆ. ಅದರಲ್ಲಿ ಚಿಗವ್ವ ಬದನೆ ಅಗಿ ಹಚ್ಚುತ್ತಿದ್ದಳು. "ಬರ್ರಿ ಮೇಡಮ್ಮಾರ, ಸಾಲಿಗಿ ಸೂಟಿ ಏನ್ರಿ?" ಅಂದಳು. ಸೀರೆ ಎತ್ತಿಕಟ್ಟಿ, ನೆಲಕ್ಕೆ ಕುಳಿತು, ಬೆನ್ನನ್ನು ಗೋಡೆಗೆ ಪೂರ್ತಿ ಹಚ್ಚಿದ್ದಳು. ಕೈಗೆಟುಕುವಷ್ಟು ದೂರದವರೆಗೆ ಹಚ್ಚಿ, ಬೆನ್ನನ್ನು ಗೋಡೆಯಿಂದ ತೆಗೆಯದೆ, ಒಂದು ಗೇಣು ಪಕ್ಕಕ್ಕೆ ಜರುಗಿ ಮತ್ತೆ ಹಚ್ಚುತ್ತಿದ್ದಳು. ರವಿಕೆಯ ಬೆನ್ನೆಲ್ಲ ಸುಣ್ಣ. ಗೋಡೆಯ ಉದ್ದಕ್ಕೂ, ಕುಳಿತವರ ಬೆನ್ನಿನ ಎತ್ತರದಲ್ಲಿ, ಬಣ್ಣ ಹಾಗೇ ಉಜ್ಜಿಹೋಗಿತ್ತು, ಒಂದು ವರ್ಷದ್ದಲ್ಲ. ಬೇಲಿಯ ಕಡೆಯ ನೆಲವೆಲ್ಲ ಖಾಲಿ ಬಿದ್ದಿತ್ತು.

"ಹಿಂದಕ್ಕ ಸರಕೋಂತ ಹಚ್ಚಿದ್ರ ಲಗೂ ಆಗತೈತಲ್ಲ ಚಿಗವ್ವಾ," ಅಂದೆ. ನನ್ನ ಬಾಯಿಂದ ಆ ಮಾತು ಯಾಕೆ ಬಂತೋ.

ಅವಳು ತಲೆ ಎತ್ತಲಿಲ್ಲ. ಬೆರಳು ಮಡಚದ ಕೈಯಲ್ಲಿ ಅಗಿಯನ್ನು ನೆಟ್ಟಗೆ ಹಿಡಿದು, ಇನ್ನೊಂದು ಕೈಯಿಂದ ಬುಡ ಒತ್ತಿದಳು. "ಹಿಂಗ ಚಲೋ ಐತ್ಬೇ," ಅಂದಳು. ಅದರಲ್ಲಿ ನಗು ಇರಲಿಲ್ಲ.

ನಾನು ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕುಳಿತೆ. ನನ್ನ ಬೆನ್ನಿಗೂ ಗೋಡೆ ತಾಗಿತು. ಇಡೀ ಮಧ್ಯಾಹ್ನದ ಬಿಸಿಲು ಕುಡಿದು ಬೆಚ್ಚಗಿತ್ತು. ಅವಳು ನನಗೆ ಜಾಗ ಮಾಡಿಕೊಟ್ಟು, ಕುರುಪಿಯನ್ನು ನನ್ನ ಕಡೆ ತಳ್ಳಿದಳು. ನಾನು ಕುಣಿ ಮಾಡಿದೆ, ಅವಳು ಅಗಿ ಇಟ್ಟಳು. ಗೋಡೆ ಮುಗಿಯುವವರೆಗೆ ಇಬ್ಬರೂ ಒಂದೊಂದು ಗೇಣು ಜರುಗುತ್ತ ಹೋದೆವು.